ಬ್ಯಾಂಡಿನವರ ಓಣಿಯಲ್ಲೊಂದು ಮನೆ

ನೇತ್ರಾ ಹಂಪಿಯ ಒಂದು ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಮ್ಯಾನೇಜರ್ ಆಗಿದ್ದಳು. ಬೆನ್ನಿಗೆ ಚೀಲ ಏರಿಸಿಕೊಂಡು ಊರೂರು ಸುತ್ತುವ ಹುಡುಗ ಹುಡುಗಿಯರು ಅಲ್ಲಿ ತಂಗುತ್ತಿದ್ದರು. ವಿಜಯಪುರದ ಮಾತು ಬಂದರೆ ಎಲ್ಲರದೂ ಒಂದೇ ಕಥೆ: ಹೋದೆವು, ಗೋಳಗುಮ್ಮಟ ನೋಡಿದೆವು, ಸಂಜೆಯ ಬಸ್ಸಿಗೆ ಹೊರಟೆವು. ರಾತ್ರಿ ಯಾಕೆ ಉಳಿಯಲಿಲ್ಲ ಎಂದರೆ, ಕತ್ತಲಾದ ಮೇಲೆ ಅಲ್ಲಿ ಏನಿದೆ ಅನ್ನುತ್ತಿದ್ದರು. ತಿಕೋಟಾದಲ್ಲಿ ಹುಟ್ಟಿ ವಿಜಯಪುರದಲ್ಲಿ ಕಾಲೇಜು ಕಲಿತ ನೇತ್ರಾಳಿಗೆ ಆ ಮಾತು ಪ್ರತಿ ಸಲವೂ ಚುಚ್ಚುತ್ತಿತ್ತು. ಮಾಲಿಕ ಅಕ್ಕಪಕ್ಕದವರೊಂದಿಗೆ ಜಗಳ ಹಚ್ಚಿಕೊಂಡು ಹಾಸ್ಟೆಲ್ಲನ್ನು ಮುಚ್ಚಿದ ಮೇಲೆ ಅವಳು ಊರಿಗೆ ಮರಳಿ, ವಿಜಯಪುರದಲ್ಲೇ ಅಂಥದೊಂದನ್ನು ತೆರೆಯುತ್ತೇನೆಂದು ಹಟ ಹಿಡಿದಳು.

ಬೆನ್ನಿಗೆ ನಿಂತವಳು ಅವಳ ಚಿಗವ್ವ, ತಾಯಿಯ ತಂಗಿ ಗುರುಬಸವ್ವ. ಬಬಲೇಶ್ವರದಲ್ಲಿ ಹದಿನೆಂಟು ವರ್ಷ ಖಾನಾವಳಿ ನಡೆಸಿದ ಗಟ್ಟಿ ಹೆಂಗಸು.

"ಹಾಸಿಗಿ ನಿಂದು, ಅಡಗಿ ನಂದು," ಎಂದಳು ಆಕೆ. "ಆದ್ರ ನೀ ಹೇಳಾಕತ್ತೀಯಲ್ಲ, ನೈಟ್‌ಲೈಫು, ಅದೇನಬೇ?"

"ರಾತ್ರಿ ಉಂಡ ಮ್ಯಾಲ ಜನ ಹೊರಗ ಬರೋದು, ಓಡಾಡೋದು, ಏನರ ತಿನ್ನೋದು, ಹಾಡು, ಆಟ, ನಗಿ. ಅಂಥಾ ಏರಿಯಾದಾಗ ಮನಿ ಬೇಕು ಚಿಗವ್ವ."

"ಇಷ್ಟಽ? ನಾ ಏನೋ ಕುಡಿಯೋ ವ್ಯವಹಾರ ಅಂತ ಹೆದರಿದ್ನಿ."

ಮನೆ ತೋರಿಸುವ ಕೆಲಸ ಹಿಡಿದವನು ಮುನಾಫ. ಹಗಲೆಲ್ಲ ಆಟೋ ಓಡಿಸುವವನು, ನಡುನಡುವೆ ಬಾಡಿಗೆ ಮನೆಗಳ ದಲ್ಲಾಳಿ. ಮೊದಲು ಭೂತನಾಳದ ಕಡೆಯ ಹೊಸ ಬಡಾವಣೆಯಲ್ಲಿ ಒಂದು ಬಂಗಲೆ ತೋರಿಸಿದ. ಗಾಳಿ ಚೆನ್ನಾಗಿತ್ತು. ಆದರೆ ಸುತ್ತ ಖಾಲಿ ಸೈಟುಗಳು, ಒಂದು ನಾಯಿ, ಆ ನಾಯಿಗೂ ಬೇಸರ ಬಂದಂತಿತ್ತು. ಆಮೇಲೆ ಸ್ಟೇಷನ್ ರಸ್ತೆಯಲ್ಲಿ ಎರಡನೇ ಅಂತಸ್ತಿನ ಜಾಗ ತೋರಿಸಿದ. ಕೆಳಗೆ ಸಾಲು ಅಂಗಡಿ, ಝಗಝಗ ದೀಪ, ಕೂಗಳತೆಯಲ್ಲಿ ರೈಲು. ನೇತ್ರಾ ಕಿಟಕಿಯಿಂದ ಬಗ್ಗಿ ನೋಡಿ, "ಇದಽ ಬೇಕು ನನಗ!" ಎಂದುಬಿಟ್ಟಳು.

ಗುರುಬಸವ್ವ ಮಾತ್ರ ತಲೆಯಾಡಿಸಲಿಲ್ಲ. "ಈಗ ಸಂಜಿ ಐದು. ಉಂಡ ಮ್ಯಾಲ ಒಮ್ಮಿ ಬಂದು ನೋಡೂಣು. ಎತ್ತು ಕೊಳ್ಳಾವ ನಿಂತ ಎತ್ತು ನೋಡಂಗಿಲ್ಲವಾ, ನಡಸಿ ನೋಡತಾನ."

ಸರಿ, ನಡೆಸಿಯೇ ನೋಡಬೇಕು. ಹಂಪಿಯಲ್ಲಿ ಪರಿಚಯವಾಗಿದ್ದ ಮಂಡ್ಯದ ಅರುಣಕುಮಾರ, ಇಬ್ಬರು ಗೆಳತಿಯರ ಜೊತೆ ಸೊಲ್ಲಾಪುರದಿಂದ ಬಾದಾಮಿಗೆ ಹೊರಟಿದ್ದ. ನೇತ್ರಾ ಫೋನು ಮಾಡಿ, ಒಂದು ರಾತ್ರಿ ಇಳಿದು ಹೋಗಿ ಎಂದು ಕರೆದಳು.

ಶನಿವಾರ ರಾತ್ರಿ ಒಂಬತ್ತಕ್ಕೆ ಎಲ್ಲರೂ ಸ್ಟೇಷನ್ ರಸ್ತೆಯಲ್ಲಿ ಅಡ್ಡಾಡತೊಡಗಿದರು. ಐಸ್‌ಕ್ರೀಮು ತಿಂದು ಮುಗಿಸುವಷ್ಟರಲ್ಲಿ ಒಂದು ಶಟರ್ ಇಳಿಯಿತು. ಅದನ್ನು ಕೇಳಿಯೇ ಇನ್ನೊಂದು ಇಳಿದ ಹಾಗಾಯಿತು. ಒಂಬತ್ತೂವರೆಗೆಲ್ಲ ಆ ಸಾಲಿನಲ್ಲಿ ಉಳಿದವರು ಇವರು ಆರು ಜನ ಮತ್ತು ಕುರ್ಚಿಯ ಮೇಲೆ ತೂಕಡಿಸುವ ಒಬ್ಬ ವಾಚಮನ್.

"ಚೆನ್ನಾಗೈತೆ ಕಣಕ್ಕ," ಎಂದ ಅರುಣಕುಮಾರ. "ಸೈಲೆಂಟಾಗೈತೆ."

ಅವನ ಮರ್ಯಾದೆಯೇ ನೇತ್ರಾಳಿಗೆ ಹೆಚ್ಚು ನೋವು ಕೊಟ್ಟಿತು. ಆಟೋ ಹತ್ತಿದಳು. ಮುನಾಫ ಕನ್ನಡಿಯಲ್ಲಿ ಅವಳ ಮುಖ ನೋಡಿ, "ಅಕ್ಕಾರ, ನನಗ ಹೊಟ್ಟಿ ಹಸದದ. ನಮ್ಮ ಓಣಿ ಇಲ್ಲೇ ಅದ. ಅವ್ವನ ಗಾಡಿ ಇನ್ನಾ ತಗದಿರ್ತದ, ಗಿರಮಿಟ್ಟು ತಿಂದು ಹೋಗೂಣ ಬರ್ರಿ," ಎಂದು ಹ್ಯಾಂಡಲ್ ತಿರುಗಿಸಿದ.

ಓಣಿಯ ಬಾಯಿಗೆ ಬರುವ ಮೊದಲೇ ತುತ್ತೂರಿಯ ಸದ್ದು ಬಂತು. ಮದುವೆ ಬ್ಯಾಂಡಿನವರ ಓಣಿ ಅದು. ತುಳಸಿ ಲಗ್ನ ಮುಗಿದರೆ ಮದುವೆಗಳು ಶುರುವಾಗುತ್ತವೆಂದು, ಬ್ಯಾಂಡ್ ಮಾಸ್ತರ ಭೀಮಾಶಂಕರ ಬನಿಯನ್ನಿನಲ್ಲೇ ನಿಂತು ಹೊಸ ಹಾಡು ಕಲಿಸುತ್ತಿದ್ದ. ಕಟ್ಟೆಗಳ ಮೇಲೆ ಹೆಂಗಸರು ಶೇಂಗಾ ಸುಲಿಯುತ್ತಾ ತಪ್ಪು ಸ್ವರಕ್ಕೆ ನಗುತ್ತಿದ್ದರು. ಮುನಾಫನ ತಾಯಿ ಗಾಡಿಯ ಹಿಂದೆ ನಿಂತು ಗಿರಮಿಟ್ಟಿಗೆಂದು ಚುರುಮುರಿಗೆ ಉಳ್ಳಾಗಡ್ಡಿ ಕಲಸುತ್ತಿದ್ದಳು. ಹಿಟ್ಟಿನ ಗಿರಣಿಯ ಮುಂದೆ, ದೀಪದ ಕಂಬದ ಕೆಳಗೆ, ಕೇರಂ ಬೋರ್ಡಿನ ಸುತ್ತ ಹತ್ತು ಜನ.

ಗೆಳತಿಯರಲ್ಲಿ ಒಬ್ಬಳು ಡೋಲಿನ ಕೋಲು ಕೇಳಿ ಇಸಿದುಕೊಂಡಳು. ಅರುಣಕುಮಾರ ಎರಡನೇ ತಟ್ಟೆ ಗಿರಮಿಟ್ಟು ಹಿಡಿದಿದ್ದ. ಗುರುಬಸವ್ವ ಎಲ್ಲಿ ಎಂದು ನೇತ್ರಾ ಹುಡುಕಿದರೆ, ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇರಂ ಆಡಲು ಕುಳಿತಿದ್ದಳು! ಖಾನಾವಳಿಯ ಗಿರಾಕಿಗಳ ಜೊತೆ ಆಡಿ ಪಳಗಿದ ಕೈ. ಎದುರಿಗೆ ಗಿರಣಿಯ ಯಜಮಾನ ಅಮರಪ್ಪ, ಓಣಿಯಲ್ಲಿ ಸೋಲರಿಯದ ಮನುಷ್ಯ. ಆಕೆ ರಾಣಿಯನ್ನು ಮೂಲೆಗೆ ಇಳಿಸಿದಾಗ ಬ್ಯಾಂಡಿನವರು ಅಭ್ಯಾಸ ಬಿಟ್ಟು ಆಕೆಗೊಂದು ಸಲಾಮಿ ಬಾರಿಸಿದರು.

"ಮುನಾಫಣ್ಣ, ಇದನ್ಯಾಕ ಮೊದಲ ತೋರಸಲಿಲ್ಲ?" ಎಂದಳು ನೇತ್ರಾ.

"ಇಲ್ಲೇನದ ಅಕ್ಕಾರ ತೋರಸಾಕ? ನಮ್ಮ ಮನಿ ಅದ, ಅಷ್ಟಽ," ಎಂದ ಅವನು, ನಿಜವಾಗಿ ಆಶ್ಚರ್ಯಪಟ್ಟು.

ಗಿರಣಿಯ ಮೇಲೆ ಮೂರು ಕೋಣೆ, ದೊಡ್ಡ ಮಾಳಿಗೆ, ಹೊರಗಿನಿಂದಲೇ ಮೆಟ್ಟಿಲು. ಎಲ್ಲ ಖಾಲಿ. ಹಾಸ್ಟೆಲ್ಲಿಗೆ ಕೊಡುತ್ತೀರಾ ಎಂದು ನೇತ್ರಾ ಅಲ್ಲೇ ಕೇಳಿದಳು. ಅಮರಪ್ಪ ಕೇರಂ ಪೌಡರಿನ ಕೈ ಝಾಡಿಸಿ ಎದ್ದ.

"ಆಗೂದಿಲ್ಲವಾ. ಹೊರಗಿನ ಹುಡುಗರು ಬರತಾರ, ಕುಡದು ಒದರ್ತಾರ. ನಾ ನಸುಕಿನ್ಯಾಗ ನಾಕಕ್ಕ ಏಳಾವ. ಆಡಾಕ ಬರ್ರಿ, ಇರಾಕ ಬ್ಯಾಡ."

ಅರುಣಕುಮಾರನ ತಂಡ ಮರುದಿನ ಮಧ್ಯಾಹ್ನದವರೆಗೂ ಹೊರಡಲಿಲ್ಲ, ಆ ಓಣಿಯ ಮಾತೇ ಆಡಿತು. ಆದರೆ ಅಮರಪ್ಪನ 'ಆಗೂದಿಲ್ಲ' ನೇತ್ರಾಳ ತಲೆಯಿಂದ ಹೋಗಲಿಲ್ಲ. ಅವನು ಸುಳ್ಳೇನೂ ಹೇಳಿರಲಿಲ್ಲ. ಹಂಪಿಯಲ್ಲಿ ನೆರೆಯವರ ಬಾಗಿಲು ಒಮ್ಮೆಯೂ ತಟ್ಟದೆ ಇದ್ದುದರ ಫಲವನ್ನು ಅವಳೇ ಕಣ್ಣಾರೆ ಕಂಡಿದ್ದಳು.

ಸೋಮವಾರ ಅವಳು ಒಂದು ನೋಟ್‌ಬುಕ್ ಹಿಡಿದು ಓಣಿಯ ಮನೆ ಮನೆಗೆ ಹೋದಳು. ಎಷ್ಟಕ್ಕೆ ಮಲಗುತ್ತೀರಿ, ಯಾವುದರಿಂದ ತೊಂದರೆ ಎಂದು ಕೇಳಿ ಬರೆದುಕೊಂಡಳು. ಒಂದು ಮನೆಯಲ್ಲಿ ಹಸುಗೂಸು, ಇನ್ನೊಂದರಲ್ಲಿ ಹತ್ತನೇ ತರಗತಿಯ ಪರೀಕ್ಷೆ. ನರ್ಸ್ ಲಲಿತಾಳಿಗೆ ರಾತ್ರಿ ಪಾಳಿ, ಹಗಲೇ ನಿದ್ದೆ. "ನನ್ನ ನಿದ್ದಿ ಸಮಾಚಾರ ಇವತ್ತಿನ ತನಕ ಯಾರೂ ಕೇಳಿದ್ದಿಲ್ಲ ನೋಡ್ರಿ," ಎಂದು ಲಲಿತಾ ಚಹಾ ಕುಡಿಸಿಯೇ ಕಳಿಸಿದಳು. ಭೀಮಾಶಂಕರ ಹೇಳಿದ: "ನಾವು ಹತ್ತೂವರಿಗೆ ಬಾಜಾ ಇಳಸ್ತೀವ್ರಿ. ನಿಮ್ಮವರೂ ಆಗ ದನಿ ಇಳಸಿದ್ರ ಮುಗೀತು."

ಸಂಜೆ ಅವಳು ಅದನ್ನೆಲ್ಲ ನಿಯಮಗಳಾಗಿ ಬರೆದ ಹಾಳೆಯನ್ನು ಗಿರಣಿಯಲ್ಲಿ ಅಮರಪ್ಪನ ಮುಂದಿಟ್ಟಳು. ಅವನು ಹಿಟ್ಟು ಹತ್ತಿದ ಕನ್ನಡಕ ಒರೆಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ. ಹತ್ತೂವರೆಯ ನಂತರ ಸದ್ದಿಲ್ಲ. ಕುಡಿಯುವವರಿಗೆ ಜಾಗವಿಲ್ಲ. ಹಗಲು ಲಲಿತಾಳ ಕಿಟಕಿಯ ಕೆಳಗೆ ಮಾತಿಲ್ಲ. ಕಿವಿಯ ಮೇಲಿನ ಪೆನ್ನು ತೆಗೆದು ಕೆಳಗೆ ತಾನೇ ಒಂದು ಸಾಲು ಬರೆದ: ಮಾಳಿಗೆಯ ಮೇಲೆ ಚಪ್ಪಲಿ ಹಾಕಿ ನಡೆಯಬಾರದು.

"ನಾ ಅದರ ಕೆಳಗಽ ಮಲಗಾವ," ಎಂದ.

"ಆತ್ರಿ ಕಾಕಾರ," ಎಂದಳು ನೇತ್ರಾ.

"ಮತ್ತ ನಿಮ್ಮ ಚಿಗವ್ವಗ ಹೇಳ್ರಿ. ಅಕಿ ಜೋಡಿ ಇನ್ನೊಮ್ಮಿ ಆಡದ ನಾ ಬಿಡಂಗಿಲ್ಲ."

ಡಿಸೆಂಬರಿನ ಮೊದಲ ವಾರ ಜಾಗ ತೆರೆಯಿತು. ಹನ್ನೆರಡು ಹಾಸಿಗೆಗಳಲ್ಲಿ ಆರು ತುಂಬಿದವು, ಕೊಚ್ಚಿಯ ಕಾಲೇಜು ಹುಡುಗಿಯರು. ಒಂದೇ ರಾತ್ರಿಗೆಂದು ಬಂದವರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು ಕೆಳಗಿಳಿದವರು ಬ್ಯಾಂಡಿನ ಮುಂದೆ ಅರ್ಧ ಗಂಟೆ ಕುಣಿದರು. ಹತ್ತೂವರೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳರಂತೆ ಮೆಟ್ಟಿಲು ಹತ್ತುವುದನ್ನು ಕಂಡು ಅಮರಪ್ಪನಿಗೇ ನಗು ಬಂತು.

ಮರುದಿನ ಕನಮಡಿಯಲ್ಲೊಂದು ಮದುವೆ. "ಮೆರವಣಿಗ್ಯಾಗ ಕುಣಿಯಾವ್ರು ಕಡಿಮಿ ಬೀಳ್ತಾರ, ಹುಡುಗ್ಯಾರನ್ನ ಕಳಸ್ರಿ," ಎಂದು ಭೀಮಾಶಂಕರ ಬೆಳಿಗ್ಗೆ ಬಂದು ಕೇಳಿದ. ಮದುವೆಯ ಮನೆಯವರನ್ನೂ ಅವನು ಫೋನಿನಲ್ಲಿ ಕೇಳಿ ಒಪ್ಪಿಸಿದ್ದ. ಆರು ಹುಡುಗಿಯರೂ ಕ್ಷಣವೂ ಯೋಚಿಸದೆ, ಅಂದು ಹತ್ತಬೇಕಿದ್ದ ಬಾದಾಮಿಯ ಬಸ್ಸು ಬಿಟ್ಟರು. ಟೆಂಪೋದಲ್ಲಿ ಡೋಲು, ತುತ್ತೂರಿಗಳ ನಡುವೆ ತೂರಿಕೊಂಡು ಕುಳಿತು ನೇತ್ರಾಳನ್ನೂ ಕೈಹಿಡಿದು ಎಳೆದರು.

"ನಾ ಯಾಕ? ಹಾಸಿಗಿ ತಗೀಬೇಕು, ಕಸ ಹೊಡೀಬೇಕು..."

"ಹೋಗಬೇ!" ಎಂದು ಮೇಲಿಂದ ಗುರುಬಸವ್ವ ಕೂಗಿದಳು. "ಕಸ ಎಲ್ಲಿಗೂ ಓಡಿ ಹೋಗಂಗಿಲ್ಲ."

ನೇತ್ರಾ ನಗುತ್ತಾ ಟೆಂಪೋ ಹತ್ತಿದಳು. ಯಾರೋ ಅವಳ ಕೈಗೆ ಒಂದು ಜೋಡಿ ತಾಳ ಕೊಟ್ಟರು.