ಡ್ಯಾಶ್‌ಬೋರ್ಡಿಗೊಂದು ಹೊದಿಕೆ

ಬಾಡಿಗೆ ಮನೆ ಕೈತಪ್ಪಿದ ಮೇಲೆ ದರ್ಜಿಯೂ ಅವಳ ಗಂಡನೂ ಮಲಗಲು, ಅಡುಗೆಗೆ ಒಳಗೇ ಜಾಗವಿದ್ದ ಹಳೆಯ ಮೋಟರ್‌ಹೋಮ್ ಗಾಡಿಯಲ್ಲೇ ಸಂಸಾರ ಹೂಡಿದ್ದರು. ಬೀದಿಯಲ್ಲಿ ನಿಂತ ಗಾಡಿ ತಪ್ಪಲ್ಲ, ಅದರೊಳಗೆ ಮಲಗಿದ ಮನುಷ್ಯ ತಪ್ಪು. ಇದು ನಗರಸಭೆಯ ನ್ಯಾಯ. ಮುಂದಿನ ಗಾಜಿನಲ್ಲಿ ಇಣುಕಿದರೆ ಸಾಕು, ಡ್ಯಾಶ್‌ಬೋರ್ಡಿನ ಮೇಲಿನ ಬ್ರಷ್ಷು, ಬಾಚಣಿಗೆ, ಉಪ್ಪಿನ ಡಬ್ಬಿ ಎಲ್ಲವೂ ಗುಟ್ಟು ಬಿಟ್ಟುಕೊಡುತ್ತಿದ್ದವು. ಅವನ್ನು ಮುಚ್ಚಲೆಂದೇ ಅವಳು ಹಳೆ ಪೇಪರು ಹಾಸಿ ಅಳತೆ ತೆಗೆದು, ಗಾಳಿಯ ಕಿಂಡಿಗಳಿಗೆ ಜಾಗ ಬಿಟ್ಟು, ಕಪ್ಪು ಬಟ್ಟೆಯ ಹೊದಿಕೆ ಹೊಲಿದಳು. ಕೈ ಸುಮ್ಮನಿರದೆ ಅಂಚಿಗೆ ಕೆಂಪು ಪಟ್ಟಿಯನ್ನೂ ಕೊಟ್ಟಳು.

"ಅಲ್ವೇ, ಇದು ಮನೆ ಥರ ಕಾಣ್ಬೇಕಾ, ಗಾಡಿ ಥರ ಕಾಣ್ಬೇಕಾ?" ಗಂಡ ತಲೆ ಕೆರೆದುಕೊಂಡ.

"ಗಾಡಿ ಥರ ಕಣ್ರೀ. ಸುಮ್ನೆ ಆ ಮೂಲೆ ಎಳೀರಿ."

ಬೆಳಿಗ್ಗೆ ನಗರಸಭೆಯ ಇನ್ಸ್‌ಪೆಕ್ಟರು ಗಾಜಿಗೆ ಮೂಗೊತ್ತಿ ನೋಡಿ, ಗಾಡಿಯಿಂದ ಇಳಿದು ಬಂದ ಅವಳಿಗೆ ಹೇಳಿದ. "ಇಷ್ಟು ಚೆಂದ ಅಂಚು ಕಟ್ಟಿದೀರಂದ್ರೆ ಇದು ಮನೇನೇ ಕಣಮ್ಮ. ಜಾಗ ಖಾಲಿ ಮಾಡಿ."

"ಮನೆ ಅಂದ್ರಲ್ಲ ಸ್ವಾಮಿ, ಹಾಗಾದ್ರೆ ನಲ್ಲಿ ಹಾಕಿಸ್ಕೊಡಿ."

"ಗಾಡಿಗೆ ಯಾರಾದ್ರೂ ನಲ್ಲಿ ಹಾಕಿಸ್ತಾರಾ?"

"ಗಾಡಿ ಆದ್ರೆ ಇಲ್ಲಿ ನಿಲ್ಲಬಹುದಲ್ವಾ?"

ಇನ್ಸ್‌ಪೆಕ್ಟರು ಮತ್ತೊಮ್ಮೆ ಗಾಜಿನೊಳಗೆ ಇಣುಕಿದ. ತಾನು ಗೆದ್ದೆನೋ ಸೋತೆನೋ ಅವಳಿಗೂ ತಿಳಿಯಲಿಲ್ಲ.

"ಮೇಲಿನವರನ್ನ ಕೇಳ್ಕೊಂಡು ಬರ್ತೀನಿ. ಅಲ್ಲೀತನಕ ಇಲ್ಲಿಂದ ಅಲ್ಲಾಡಬೇಡಿ," ಎಂದು ಗದರಿ ಅವನು ಹೊರಟ.

ಎಬ್ಬಿಸಲು ಬಂದವನೇ ಅಲ್ಲಾಡಬೇಡಿ ಎಂದದ್ದು ಹೇಗೆಂದು ಇಬ್ಬರಿಗೂ ಅರ್ಥವಾಗಲಿಲ್ಲ. ಗಂಡ ಚಹಾಕ್ಕೆ ನೀರಿಟ್ಟ.