ಅಡುಗೆಮನೆ ದೃಶ್ಯಕ್ಕೆ ಹಾಕಿದ ನಗು

ಸ್ಟುಡಿಯೋದಲ್ಲಿ ಸೌಂಡ್ ಎಡಿಟರನ್ನು ಎಲ್ಲರೂ ಕರೆಯುತ್ತಿದ್ದದ್ದು ನಗೆಯಣ್ಣ ಎಂದು. ಧಾರಾವಾಹಿಯಲ್ಲಿ ಯಾರಾದರೂ ತಮಾಷೆ ಮಾಡಿದ ಕೂಡಲೇ ಹಿಂದಿನಿಂದ ಒಂದು ಗುಂಪು ಹೋ ಎಂದು ನಗುತ್ತದಲ್ಲ, ಆ ಗುಂಪನ್ನು ಕೂರಿಸುವುದೇ ಅವನ ಕೆಲಸ. ಗುಂಪೆಲ್ಲಿಂದ ಬಂತು, ಮಣ್ಣು! ಎಲ್ಲವೂ ಕಂಪ್ಯೂಟರಿನಲ್ಲಿ ತುಂಬಿಟ್ಟ ಹಳೇ ನಗು. ಅವುಗಳ ನಡುವೆ ಅವನದೇ ಒಂದು ನಗುವೂ ಇತ್ತು. ಹೊಟ್ಟೆಯಿಂದ ಉಕ್ಕಿ, ಕೊನೆಗೆ ಬಿಕ್ಕಳಿಕೆಯಂತೆ ತುಂಡಾಗುವ ನಗು. ಮಗಳು ಚಿಕ್ಕವಳಿದ್ದಾಗ ಅಪ್ಪನ ಬೂಟುಗಳನ್ನು ಕೈಗೆ ಹಾಕಿಕೊಂಡು, ಕುದುರೆಯಾಗಿ ಮನೆಯೆಲ್ಲ ಓಡಾಡಿದ್ದಳು. ಹೊಸ ಮೈಕು ಪರೀಕ್ಷಿಸುತ್ತಿದ್ದ ಅವನು ನಕ್ಕಿದ್ದೇ ನಕ್ಕಿದ್ದು, ಅದು ಹಾಗೇ ರೆಕಾರ್ಡ್ ಆಗಿತ್ತು.

ಆಮೇಲೆ ಅದೊಂದು ಆಟವೇ ಆಗಿಹೋಯಿತು. ಟಿವಿಯಲ್ಲಿ ಆ ನಗು ಬಂದ ತಕ್ಷಣ ಮಗಳು ಸೋಫಾಕ್ಕೆ ಪಟ್ಟೆಂದು ಹೊಡೆದು, "ನನ್ನ ನಗು ಬಂತು!" ಎಂದು ಕೂಗುತ್ತಿದ್ದಳು. ಹದಿನೇಳು ತುಂಬಿದರೂ ಬಿಟ್ಟಿರಲಿಲ್ಲ.

ಈಗ ಅವನ ಕೈಯಲ್ಲಿದ್ದದ್ದು ಹೈಸ್ಕೂಲು ಹುಡುಗ ಹುಡುಗಿಯರ ಧಾರಾವಾಹಿ. ಮೊಡವೆ, ಮೊದಲ ಪ್ರೀತಿ, ಮೈ ಬದಲಾಗುವ ಗಾಬರಿ, ಮನೆಯಲ್ಲಿ ಕೇಳಲಾಗದ ಪ್ರಶ್ನೆಗಳು, ಎಲ್ಲವನ್ನೂ ನಗಿಸುತ್ತಲೇ ಹೇಳುತ್ತಿತ್ತು. ಆ ವಾರದ ಕಂತಿನಲ್ಲಿ, ಪಾತ್ರೆ ತೊಳೆಯುತ್ತಿರುವ ಅಪ್ಪನ ಬೆನ್ನ ಹಿಂದೆ ನಿಂತು ಒಬ್ಬಳು ಹುಡುಗಿ, ತನಗೆ ಇಷ್ಟವಾಗಿರುವುದು ಹುಡುಗನಲ್ಲ, ತನ್ನ ಕ್ಲಾಸಿನ ಹುಡುಗಿ ಎಂದು ಹೇಳುತ್ತಾಳೆ. ಅಪ್ಪನ ಕೈಯಿಂದ ತಟ್ಟೆ ಜಾರುತ್ತದೆ. ಆಮೇಲೆ ಇಬ್ಬರೂ ಮಾತಾಡುವುದಿಲ್ಲ.

"ಇದೇನ್ರೀ, ಇಷ್ಟೊತ್ತು ಸುಮ್ನಿದ್ರೆ ಜನ ಚಾನೆಲ್ ಬದಲಾಯಿಸ್ತಾರೆ. ಏನಾದ್ರೂ ಹಾಕ್ರೀ," ಎಂದ ನಿರ್ದೇಶಕ.

ಆಗೋಲ್ಲ ಎನ್ನಬಹುದಿತ್ತು. ಬಾಯಿಗೇನು ಬೀಗ ಹಾಕಿರಲಿಲ್ಲವಲ್ಲ! ಆದರೆ ತಟ್ಟೆ ಬಿದ್ದರೆ ನಗು ಹಾಕಿ ಹಾಕಿ ಅವನ ಬೆರಳುಗಳಿಗೆ ಅದೇ ಚಾಳಿ. ತಟ್ಟೆಯ ಸದ್ದಿನ ಬಾಲಕ್ಕೆ ತನ್ನದೇ ನಗು ಅಂಟಿಸಿ ಊಟಕ್ಕೆ ಎದ್ದುಹೋದ.

ಪ್ರಸಾರದ ದಿನ ಸಂಜೆ ಮಗಳೇ ಬಂದು, "ಅಪ್ಪಾ, ಇವತ್ತು ನೀನು ನನ್ನ ಪಕ್ಕಾನೇ ಕೂತ್ಕೋಬೇಕು," ಎಂದಳು. ಅವನಿಗೆ ಖುಷಿಯೋ ಖುಷಿ. ಅಡುಗೆಮನೆ ದೃಶ್ಯ ಬರುತ್ತಿದ್ದಂತೆ ಅವಳು ಅವನ ತೋಳು ಹಿಡಿದುಕೊಂಡಳು. ತಟ್ಟೆ ಬಿತ್ತು. ನಗು ಉಕ್ಕಿತು, ಬಿಕ್ಕಳಿಸಿ ತುಂಡಾಯಿತು. ಸೋಫಾಕ್ಕೆ ಏಟು ಬೀಳಲಿಲ್ಲ.

"ಇದು ನಿಂದೇ ಅಲ್ವಾ?" ಎಂದಳು ಮಗಳು.

"ಮತ್ತಿನ್ಯಾರ್ದೇ? ಸೋತೆ, ಇವತ್ತು ನೀನು ಸೋತೆ!" ಎಂದು ಚಪ್ಪಾಳೆ ಬೇರೆ ತಟ್ಟಿದ ಪುಣ್ಯಾತ್ಮ.

ಅವಳು ತೋಳು ಬಿಟ್ಟಳು. ತಲೆನೋವು ಎಂದು ಹೇಳಿ ರೂಮಿಗೆ ಹೋದಳು.

ಹೆಂಡತಿ ಟಿವಿ ಆರಿಸಿದಳು. "ನಿಮಗೇನು ಬಂದಿತ್ರೀ? ಅವಳದ್ದೂ ಇದೇ ಕಥೆ. ಇದನ್ನ ನೋಡಿ ಆದ್ಮೇಲೆ ನಿಮಗೆ ಹೇಳ್ಬೇಕು ಅಂತ, ಟಿವೀಲಿ ಪ್ರೋಮೋ ನೋಡಿದಾಗಿಂದ, ಒಂದು ವಾರದಿಂದ ಕಾಯ್ತಿದ್ಳು. ಅಪ್ಪ ನಗಲ್ಲ ಅಲ್ವಾ ಅಮ್ಮಾ, ಅಂತ ಎಷ್ಟು ಸಲ ಕೇಳಿದ್ಳು ಗೊತ್ತಾ? ನಿಮ್ಮಪ್ಪ ಅಂಥೋರಲ್ಲ ಕಣೇ ಅಂದಿದ್ದೆ."

ಅಯ್ಯೋ, ನನ್ನ ಕೈಗೆ ಬೆಂಕಿ ಬೀಳ, ಎಂದು ತನ್ನನ್ನೇ ಶಪಿಸಿಕೊಂಡ.

ಮರುದಿನ ಸ್ಟುಡಿಯೋಗೆ ಎಲ್ಲರಿಗಿಂತ ಮೊದಲು ಹೋಗಿ ಆ ನಗುವನ್ನು ಕಿತ್ತುಹಾಕಿದ. ಮರುಪ್ರಸಾರಕ್ಕೆ ಹೀಗೇ ಹೋಗಲಿ, ಇಲ್ಲದಿದ್ದರೆ ಬೇರೆ ಎಡಿಟರನ್ನು ನೋಡಿಕೊಳ್ಳಿ ಎಂದಾಗ ನಿರ್ದೇಶಕ ಗೊಣಗಿ ಸುಮ್ಮನಾದ. ಆಮೇಲೆ ಇವನು ದೃಶ್ಯವನ್ನು ಮತ್ತೆ ಓಡಿಸಿದ. ತಟ್ಟೆ ಬಿದ್ದ ಮೇಲೆ ಪರದೆಯ ಅಪ್ಪ ಒದ್ದೆ ಕೈ ಒರೆಸಿಕೊಂಡು, ತಿರುಗಿ, ಮಗಳನ್ನು ಎಷ್ಟು ಅಕ್ಕರೆಯಿಂದ ನೋಡುತ್ತಿದ್ದ! ಅವತ್ತು ಇವನು ಧ್ವನಿಯ ಗೆರೆಗಳನ್ನು ನೋಡಿದ್ದನೇ ಹೊರತು ಆ ಮುಖವನ್ನು ನೋಡಿರಲೇ ಇಲ್ಲ.

ಸಂಜೆ ಮಗಳ ಬಾಗಿಲಲ್ಲಿ ನಿಂತ. "ತಪ್ಪಾಯ್ತು ಪುಟ್ಟಿ. ತೆಗೆದ್ಬಿಟ್ಟೆ. ನಿನ್ನ ನೋಡಿ ನಕ್ಕಿದ್ದಲ್ಲ ಕಣೇ, ಹಳೇ ನಗು ಅದು."

ಅವಳ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ಮೇಲಿತ್ತು.

"ಹಳೇದು ಅಂತ ನಂಗೊತ್ತಿಲ್ವಾ ಅಪ್ಪಾ? ನಾನು ಕುದುರೆ ಆಗಿದ್ದಾಗ ನನಗೇಂತ ನಕ್ಕಿದ್ದು ಅದು. ಅದನ್ನೇ ತಗೊಂಡ್ಹೋಗಿ ಅಲ್ಲಿ ಹಾಕಿದ್ಯಲ್ಲ."

ಮಗಳು ಸರಿದು ಮಂಚದ ಮೇಲೆ ಜಾಗ ಬಿಟ್ಟಳು, ಅವನು ಕೂತ. "ಆ ಹುಡುಗಿ ಹೆಸರೇನಮ್ಮಾ?" ಎಂದು ಮೆಲ್ಲಗೆ ಕೇಳಿದ.

"ಇನ್ನೊಂದಿನ ಹೇಳ್ತೀನಪ್ಪಾ," ಎಂದಳು ಮಗಳು.