ತೆಕ್ಕೇಮೂಲದ ಎರಡು ಮನೆಗಳು

ಟಿಜೊ ಬರೆದಿದ್ದು ಒಂದೇ ಸಾಲು: ‘ವಿಳಾಸ ಕೊಡಿ, ಮನೆ ಎಲ್ಲಿದೆಯೆಂದು ಹೇಳುತ್ತದೆ.’ ವಿಳಾಸ ಹುಡುಕುವ ಆ ಟೂಲನ್ನು ಕಟ್ಟಿದವನೂ ಅವನೇ. ಕಟ್ಟುವುದರಲ್ಲಿ ಎತ್ತಿದ ಕೈ, ವಿವರಿಸುವುದೆಂದರೆ ಮಾತ್ರ ತಲೆನೋವು.

ತ್ರಿಶೂರಿನ ಬೇಕರಿಯೊಂದರ ಮೇಲಿರುವ ನಮ್ಮ ಕಚೇರಿಯಲ್ಲಿ ಬರೆಯುವ ಕೆಲಸ ನನ್ನದು. ಈ ಸಲ ಓದುವವರು ಮನುಷ್ಯರಲ್ಲ. ಹಾಸಿಗೆ ಹಿಡಿದ ರೋಗಿಗಳ ಮನೆಗೆ ನರ್ಸ್ ಕಳಿಸುವ ಆರೈಕೆ ಕೇಂದ್ರವೊಂದು, ಯಾರು ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವುದನ್ನು ಎಐ ಏಜೆಂಟಿಗೆ ಒಪ್ಪಿಸಿತ್ತು. ನಮ್ಮ ಟೂಲನ್ನು ಹೇಗೆ ಬಳಸಬೇಕೆಂದು ಆ ಏಜೆಂಟ್ ಕಲಿಯುವುದು ನಾವು ಬರೆದ ವಿವರಣೆ ಓದಿಯೇ. ನಾನು ರಜೆಯಲ್ಲಿದ್ದೆ. ಟಿಜೊನ ಒಂದು ಸಾಲೇ ಹೋಯಿತು.

ನಾನು ರಜೆ ಹಾಕಿದ್ದು ಅಪ್ಪಚ್ಚನಿಗಾಗಿ. ಅಪ್ಪಚ್ಚನ್ ಎಂದರೆ ನನ್ನ ಅಪ್ಪ, ಪೊರಿಂಚು; ಅವರಿಗೆ ಕ್ಯಾನ್ಸರ್. ನೋವಿನ ಔಷಧಿ ಬರಬೇಕಾದದ್ದು ಅದೇ ಕೇಂದ್ರದಿಂದ; ಅಲ್ಲಿ ಕೊಟ್ಟ ವಿಳಾಸ ನಮ್ಮ ಮನೆಯ ಹೆಸರು, ತೆಕ್ಕೇಮೂಲ. ಆ ಮಂಗಳವಾರ ಮಧ್ಯಾಹ್ನ ಕಳೆದರೂ ನರ್ಸ್ ಶೀಜ ಬರಲಿಲ್ಲ. ಅಪ್ಪಚ್ಚನ್ ಗೋಡೆಗೆ ಮುಖ ಮಾಡಿ ಹಲ್ಲು ಕಚ್ಚಿಕೊಂಡು ಮಲಗಿದ್ದರು. ನೋಡಲಾರದೆ ಶೀಜಳಿಗೆ ಫೋನ್ ಮಾಡಿದೆ.

“ಅಯ್ಯೋ ಫಿಲೋ ಚೇಚಿ, ತೆಕ್ಕೇಮೂಲಕ್ಕೇ ಹೋಗಿದ್ದೆ! ಚರ್ಚ್ ಹಿಂದಿನ ಮನೆ. ಅಲ್ಲೊಬ್ರು ಕೂರಿಸಿ ಚಹಾ ಕೊಟ್ರು. ‘ಇಲ್ಲಿ ಯಾರಿಗೂ ಕಾಯಿಲೆ ಇಲ್ವಲ್ಲಮ್ಮ, ಯಾರಿಗೆ ಬಂದೆ?’ ಅಂದ್ರು. ಪೊರಿಂಚು ಅಂದೆ. ತಕ್ಷಣ ಎದ್ದು ಒಳಗೆ ಹೋದ್ರು.”

ಅದು ಅಪ್ಪಚ್ಚನ ತಮ್ಮ ಲೋನಪ್ಪನ್, ನನ್ನ ಎಳೇಪ್ಪನ್. ಆಸ್ತಿ ಪಾಲಾದಾಗ ಹಳೇ ಮನೆ ಅವರಿಗೆ ಹೋಯಿತು. ಅಪ್ಪಚ್ಚನ್ ಊರಿನ ಬಡಗಣ ತುದಿಯಲ್ಲಿ, ಕಾಲುವೆ ಪಕ್ಕ ಹೊಸ ಮನೆ ಕಟ್ಟಿ, ತೆಂಕಣ ಮೂಲೆ ಎಂಬ ಅರ್ಥದ ಅದೇ ಹೆಸರಿನ ಫಲಕವನ್ನು ಗೇಟಿಗೆ ಬಡಿದರು. ಎಳೇಪ್ಪನ್ ತಮ್ಮ ಫಲಕ ತೆಗೆಯಲಿಲ್ಲ. ಅಸಲಿ ತೆಕ್ಕೇಮೂಲ ತನ್ನದೇ ಎಂದು ಇಬ್ಬರದೂ ಹಟ. ಒಬ್ಬರು ಚರ್ಚಿನ ಬೆಳಗಿನ ಪೂಜೆಗೆ ಹೋದರೆ ಇನ್ನೊಬ್ಬರು ಸಂಜೆಯದಕ್ಕೆ. ರೋಗ ಗೊತ್ತಾದ ದಿನ ಅಪ್ಪಚ್ಚನ್ ನನ್ನಿಂದ ಮಾತು ತೆಗೆದುಕೊಂಡಿದ್ದರು: “ಅವನಿಗೆ ಮಾತ್ರ ತಿಳೀಬಾರ್ದು.”

ಶೀಜ ಸಂಜೆ ಬಂದು ಔಷಧಿ ಕೊಟ್ಟಳು. ಮರುದಿನ ನಾನು ಕಚೇರಿಗೆ ಹೋದವಳೇ ಟಿಜೊನನ್ನು ತರಾಟೆಗೆ ತೆಗೆದುಕೊಂಡೆ. “ನಿನ್ನ ಟೂಲಿಗೆ ಎರಡು ಮನೆ ಸಿಕ್ಕಿವೆ, ಏಜೆಂಟ್ ಮೊದಲನೇದನ್ನ ಹಿಡ್ಕೊಂಡು ಹೊರಟಿದೆ. ಕೇಳೋದಲ್ವಾ?”

“ಕೇಳು ಅಂತ ಯಾರೂ ಹೇಳಿಲ್ವಲ್ಲ ಚೇಚಿ.”

ಕೂತು ಟೂಲಿನ ವಿವರಣೆಯನ್ನು ಹೊಸದಾಗಿ ಬರೆದೆ: ‘ಮನೆಯ ಹೆಸರು ಗೋಡೆಗಲ್ಲ, ಜನರಿಗೆ ಅಂಟಿರುತ್ತದೆ. ಅವರು ಹೋದಲ್ಲಿಗೆ ಅದೂ ಹೋಗುತ್ತದೆ; ಬಿಟ್ಟುಹೋದ ಮನೆಯಲ್ಲೂ ಉಳಿಯಬಹುದು. ಒಂದಕ್ಕಿಂತ ಹೆಚ್ಚು ಮನೆ ಸಿಕ್ಕಿದರೆ ನೀನಾಗಿ ಆರಿಸಬೇಡ. ಪ್ರತಿಯೊಂದರ ಗುರುತು ಹೇಳಿ ರೋಗಿಯನ್ನೇ ಕೇಳು. ಕೇಳುವುದು ಸೋಲಲ್ಲ.’

“ಇದೇನು ಪಾದ್ರಿ ಪ್ರಸಂಗನಾ?” ಎಂದ ಟಿಜೊ. “ಕೊನೇ ಸಾಲು ತೆಗೀರಿ. ಸೋಲು ಗೆಲುವು ಅದಕ್ಕೇನು ಗೊತ್ತು?”

“ದಾರಿ ತಪ್ಪಿದ್ರೂ ಬೈಕ್ ನಿಲ್ಸಿ ಯಾರನ್ನೂ ಕೇಳದವನು ನೀನು. ಆ ಬುದ್ಧಿ ಅದಕ್ಕೂ ಬಂದಿದೆ. ಸಾಲು ಇರ್ಲಿ.”

ವಾರವಿಡೀ ಎಳೇಪ್ಪನ್ ಇತ್ತ ತಲೆ ಹಾಕಲಿಲ್ಲ. ವಿಷಯ ಗೊತ್ತಾದ ಮೇಲೂ ಇಷ್ಟು ಬಿಗುಮಾನವೇ ಎಂದು ಮೈಯೆಲ್ಲ ಉರಿಯಿತು. ಅಪ್ಪಚ್ಚನಿಗಿನ್ನು ಹೆಚ್ಚು ದಿನವಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಪ್ಪಚ್ಚನ ಫೋನ್ ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದೆ; ಏಜೆಂಟಿನದು ಹೆಣ್ಣು ದನಿ. “ತೆಕ್ಕೇಮೂಲ ಅನ್ನೋ ಹೆಸರಿನ ಎರಡು ಮನೆಗಳಿವೆ. ಒಂದು ಚರ್ಚ್ ಹಿಂದೆ, ಒಂದು ಕಾಲುವೆ ಪಕ್ಕ. ನಿಮ್ಮದು ಯಾವುದು?”

ನಾನು ಕಣ್ಣು ಮುಚ್ಚಿಕೊಂಡೆ. ‘ಇರೋದು ಒಂದೇ ತೆಕ್ಕೇಮೂಲ’ ಎಂದು ಗುಡುಗುತ್ತಾರೆ, ಔಷಧಿ ಮತ್ತೆ ತಡವಾಗುತ್ತದೆ ಎಂದುಕೊಂಡೆ. ಅಪ್ಪಚ್ಚನ್ ದಿಂಬಿಗೆ ಒರಗಿ ನಿಧಾನವಾಗಿ ಎದ್ದು ಕೂತರು. ಆ ದನಿ ಅವಸರ ಮಾಡದೆ ಕಾಯಿತು.

“ಎರಡೂ ನಮ್ದೇ ಕಣಮ್ಮ,” ಎಂದರು ಕೊನೆಗೆ. “ನೋವಿರೋದು ಕಾಲುವೆ ಪಕ್ಕದವನಿಗೆ.”

ನಾನು ಅಡುಗೆಮನೆಗೆ ಹೋಗಿ ಅತ್ತೆ. ಆಮೇಲೆ, ಕೊಟ್ಟ ಮಾತು ಹಾಳಾಗಿ ಹೋಗಲಿ ಎಂದುಕೊಂಡು ಎಳೇಪ್ಪನಿಗೆ ಫೋನ್ ಮಾಡಿ, ಅಪ್ಪಚ್ಚನ್ ಅಂದದ್ದನ್ನು ಅಂದ ಹಾಗೇ ಹೇಳಿದೆ.

ಎಳೇಪ್ಪನ್ ಕೇಳಿದ್ದು ಒಂದೇ ಪ್ರಶ್ನೆ.

“ಆ ನರ್ಸ್ ಎಷ್ಟೊತ್ತಿಗೆ ಬರ್ತಾಳೆ?”

“ಮೂರಕ್ಕೆ, ಎಳೇಪ್ಪಾ.”

“ಪಾಪ, ಹೋದ್ಸಲ ದಾರಿ ತಪ್ಪಿದ್ಲು. ಇಲ್ಲಿಗೇ ಬರೋಕೆ ಹೇಳು. ನಾನೇ ಕರ್ಕೊಂಡು ಬಂದು ಮನೆ ತೋರಿಸ್ತೀನಿ.”

ಏಜೆಂಟಿಗೆ ಈಗ ಮನೆ ಗೊತ್ತಾಗಿದೆ ಎಂದು ನಾನು ಹೇಳಲಿಲ್ಲ. ಶೀಜಳಿಗೆ ಫೋನ್ ಮಾಡಿ, ಚರ್ಚ್ ಹಿಂದಿನ ಮನೆಗೇ ಮೊದಲು ಹೋಗು ಎಂದೆ.